ಬೆನ್ ಕೀತ್ ಮತ್ತು ನೀಲ್ ಯಂಗ್: ಒಬ್ಬ ಪೆಡಲ್ ಸ್ಟೀಲ್ ವಾದಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಿಂಗಳಿಗೊಂದು ಭಾನುವಾರ ನಮ್ಮ ನಡುಮನೆಯಲ್ಲಿ ಏಳೆಂಟು ಮಂದಿ ಸೇರಿ ಹಳೆಯ ರೆಕಾರ್ಡುಗಳನ್ನು ಕೇಳುತ್ತೇವೆ. ಹಾಡಿದವರ ಬಗ್ಗೆ ಮಾತು ಮುಗಿದ ಮೇಲೆ ಯಾರಾದರೊಬ್ಬರು, "ಹಿಂದೆ ಸಣ್ಣಗೆ ಅಳುತ್ತಿದೆಯಲ್ಲ, ಅದು ಯಾವ ವಾದ್ಯ?" ಎಂದು ಕೇಳಿಯೇ ಕೇಳುತ್ತಾರೆ. ಅದು ಪೆಡಲ್ ಸ್ಟೀಲ್ ಗಿಟಾರ್; ರಾಕ್ ಗಾಯಕ ನೀಲ್ ಯಂಗ್ ಅವರ ಹಾಡುಗಳಲ್ಲಿ ಅದನ್ನು ನುಡಿಸಿದವರು ಬೆನ್ ಕೀತ್. ಅಲ್ಲಿ ಶುರುವಾದ ಮಾತು ಪತ್ರಗಳಲ್ಲಿ, ಫೋನಿನಲ್ಲಿ ಎಷ್ಟೋ ವರ್ಷಗಳಿಂದ ಮುಂದುವರಿದಿದೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಒಂದೊಂದಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಹೊಸಬರು ಮೇಲಿನಿಂದ ಓದಲಿ. ವಾದ್ಯ ನುಡಿಸುವವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಗಿಟಾರ್ ಅನ್ನುತ್ತೀರಿ, ಆದರೆ ನೋಡಲು ಗಿಟಾರಿನ ಹಾಗಿಲ್ಲವಲ್ಲ. ಪೆಡಲ್ ಸ್ಟೀಲ್ ಅಂದರೆ ಏನು?

ನಾಲ್ಕು ಕಾಲಿನ ಮೇಲೆ ನಿಂತ ಕಿರಿದಾದ ಮೇಜಿನಂಥ ವಾದ್ಯ ಅದು. ಮೇಲೆ ಹತ್ತು ತಂತಿಗಳು ಮಲಗಿರುತ್ತವೆ. ವಾದಕ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಎಡಗೈಯಲ್ಲಿ ನುಣುಪಾದ ಉಕ್ಕಿನ ಗುಂಡು ಸರಳು; ಅದನ್ನು ತಂತಿಯ ಮೇಲೆ ಒತ್ತುವುದಿಲ್ಲ, ಹಗುರವಾಗಿ ಇಟ್ಟು ಜಾರಿಸುತ್ತಾನೆ. ಬಲಗೈಯ ಹೆಬ್ಬೆರಳಿಗೂ ಮುಂದಿನ ಎರಡು ಬೆರಳಿಗೂ ಪಿಕ್ ತೊಟ್ಟು ಮೀಟುತ್ತಾನೆ. ಎಡಗಾಲ ಕೆಳಗೆ ಸಾಮಾನ್ಯವಾಗಿ ಮೂರು ಪೆಡಲ್‌ಗಳು, ಮೊಣಕಾಲುಗಳ ಅಕ್ಕಪಕ್ಕ ನಾಲ್ಕೈದು ಲಿವರ್‌ಗಳು. ಪೆಡಲ್ ತುಳಿದರೆ ಕೆಳಗಿನ ಸಲಾಕೆಗಳು ಎಳೆದು ಒಂದೆರಡು ತಂತಿಗಳ ಶ್ರುತಿ ಏರುತ್ತದೆ. ಬಿಟ್ಟರೆ ತಂತಿ ಮತ್ತೆ ತನ್ನ ಜಾಗಕ್ಕೆ ಇಳಿಯುತ್ತದೆ. ಬಲಗಾಲು ಬೇರೊಂದು ಪೆಡಲ್ ಮೇಲೆ ಕುಳಿತು ಧ್ವನಿಯ ಏರಿಳಿತ ನೋಡಿಕೊಳ್ಳುತ್ತದೆ. ನನ್ನ ಸೋದರತ್ತೆ ಇದರ ಚಿತ್ರ ನೋಡಿ "ಹೊಲಿಗೆ ಯಂತ್ರದ ಹಾಗಿದೆಯಲ್ಲೋ" ಎಂದಿದ್ದರು. ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ಇದುವರೆಗೆ ಸಿಕ್ಕಿಲ್ಲ. ಕೈ, ಕಾಲು, ಮೊಣಕಾಲು ಎಲ್ಲವೂ ಒಂದೇ ಹೊಲಿಗೆಯ ಮೇಲೆ ನಿಗಾ ಇಡಬೇಕು.

ಹಳೆಯ ರೇಡಿಯೋದಲ್ಲಿ ಸಿನಿಮಾ ಹಾಡುಗಳನ್ನು ನುಡಿಸುತ್ತಿದ್ದ ಹವಾಯಿಯನ್ ಗಿಟಾರ್ ಇದೇ ತಾನೆ?

ಅದು ಇದರ ತಾಯಿ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ಲೋಹದ ತುಂಡಿನಿಂದ ಜಾರಿಸುವ ಪದ್ಧತಿ 19ನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆಯಿತು. ಜೋಸೆಫ್ ಕೆಕುಕು ಎಂಬವರ ಹೆಸರು ಅದರೊಂದಿಗೆ ಸೇರಿಕೊಂಡಿದೆ. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಅಮೆರಿಕವೆಲ್ಲ ಅದರ ಹುಚ್ಚು ಹಿಡಿಸಿಕೊಂಡಿತು. ಭಾರತಕ್ಕೂ ಅದು ಬಂತು. ಹವಾಯಿಯ ಟಾವ್ ಮೋ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿತ್ತು. ವ್ಯಾನ್ ಶಿಪ್ಲೆ, ಹಜಾರಾ ಸಿಂಗ್ ಅವರ ಸಿನಿಮಾ ರಾಗಗಳನ್ನು ನೀವು ಕೇಳಿರುವುದು ಈ ಬಳ್ಳಿಯಲ್ಲೇ. ಬ್ರಿಜ್ ಭೂಷಣ್ ಕಾಬ್ರಾ ಅದೇ ಗಿಟಾರಿಗೆ ಹಿಂದುಸ್ತಾನಿ ರಾಗಗಳನ್ನು ಕಲಿಸಿದರು.

ಅಮೆರಿಕದಲ್ಲಿ ಅದೇ ವಾದ್ಯಕ್ಕೆ ಕಾಲು ಬಂತು, ಪೆಡಲ್ ಬಂತು. ವೆಬ್ ಪಿಯರ್ಸ್ ಹಾಡಿದ, 1954ರಲ್ಲಿ ಜನಪ್ರಿಯವಾದ 'ಸ್ಲೋಲಿ' ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್ ತಂತಿ ಇನ್ನೂ ಮೊಳಗುತ್ತಿರುವಾಗಲೇ ಪೆಡಲ್ ತುಳಿದರು. ಸ್ವರ ಕಣ್ಣೆದುರೇ ಬಾಗಿದ ಹಾಗೆ ಕೇಳಿಸಿತು. ಆಮೇಲೆ, ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಊರಾದ ನ್ಯಾಶ್‌ವಿಲ್‌ನ ಸ್ಟೀಲ್ ವಾದಕರಿಗೆಲ್ಲ ಅದು ಬೇಕೇ ಬೇಕಾಯಿತು.

ಬೆನ್ ಕೀತ್ ಯಾರು? ಹೆಸರು ಕೇಳಿದ ನೆನಪೇ ಇಲ್ಲ.

ಹೆಸರು ಕೇಳಿರಲಿಕ್ಕಿಲ್ಲ, ಕೈ ಮಾತ್ರ ಕೇಳಿರುತ್ತೀರಿ. 1937ರಲ್ಲಿ ಕ್ಯಾನ್ಸಸ್‌ನ ಫೋರ್ಟ್ ರೈಲಿಯಲ್ಲಿ ಹುಟ್ಟಿದವರು. ನ್ಯಾಶ್‌ವಿಲ್‌ಗೆ ಬಂದು, ಫ್ಯಾರನ್ ಯಂಗ್ ಅವರಂಥ ಕಂಟ್ರಿ ಗಾಯಕರೊಂದಿಗೆ ಊರೂರು ಸುತ್ತಿ, ಸ್ಟುಡಿಯೋಗಳಲ್ಲಿ ದಿನಗೂಲಿಯ ಹಾಗೆ ನುಡಿಸಿದರು. ಪ್ಯಾಟ್ಸಿ ಕ್ಲೈನ್ ಅವರ 'ಐ ಫಾಲ್ ಟು ಪೀಸಸ್' 1961ರಲ್ಲಿ ಬಂತು. ಅದರಲ್ಲಿ ಗಾಯಕಿಯ ಸಾಲು ಮುಗಿಯುವ ಜಾಗದಲ್ಲಿ ಮೆಲ್ಲನೆ ಇಳಿಯುವ ಸ್ಟೀಲ್ ಅವರದು. ಆಗ ಅವರಿಗೆ 23 ವರ್ಷ. ಹತ್ತು ವರ್ಷ ಕಳೆದ ಮೇಲೆ, 1971ರ ಫೆಬ್ರವರಿಯಲ್ಲಿ, ನೀಲ್ ಯಂಗ್ ಅವರ ಹಾಡುಗಳಿಗೆ ನುಡಿಸಲು ಕರೆ ಬಂತು. ಆ ಒಡನಾಟ 2010ರ ಜುಲೈ 26ರಂದು ಕೀತ್ ತೀರಿಕೊಳ್ಳುವವರೆಗೆ ನಡೆಯಿತು. ಹೆಚ್ಚುಕಡಿಮೆ 40 ವರ್ಷ.

## 1971ರ ಆ ಫೆಬ್ರವರಿ

ನೀಲ್ ಯಂಗ್ ರಾಕ್ ಸಂಗೀತಗಾರರು. ಕಂಟ್ರಿ ಹಾಡಿನ ಊರಾದ ನ್ಯಾಶ್‌ವಿಲ್‌ಗೆ ಅವರು ಹೋದದ್ದು ಯಾಕೆ?

ಟಿವಿ ಕಾರ್ಯಕ್ರಮಕ್ಕೆ. ಕಂಟ್ರಿ ಗಾಯಕ ಜಾನಿ ಕ್ಯಾಶ್ ನಡೆಸುತ್ತಿದ್ದ ಕಾರ್ಯಕ್ರಮ ಅಲ್ಲಿನ ರೈಮನ್ ಸಭಾಂಗಣದಲ್ಲಿ ಚಿತ್ರೀಕರಣವಾಗುತ್ತಿತ್ತು. ಯಂಗ್ ಹಾಡಲು ಬಂದಿದ್ದರು. ಜೇಮ್ಸ್ ಟೇಲರ್, ಲಿಂಡಾ ರಾನ್‌ಸ್ಟಾಟ್ ಕೂಡ ಅದೇ ಕಾರ್ಯಕ್ರಮಕ್ಕೆ ಊರಿನಲ್ಲಿದ್ದರು. ನಿರ್ಮಾಪಕ ಎಲಿಯಟ್ ಮೇಜರ್ ತಮ್ಮ ಕ್ವಾಡ್ರಫಾನಿಕ್ ಸ್ಟುಡಿಯೋಕ್ಕೆ ಯಂಗ್ ಅವರನ್ನು ಕರೆದರು.

ಇನ್ನೊಂದು ಕಾರಣ ಅವರ ಬೆನ್ನು. ಆ ದಿನಗಳಲ್ಲಿ ಯಂಗ್ ಬೆನ್ನುಮೂಳೆಯ ನೋವಿನಿಂದ ನರಳುತ್ತಿದ್ದರು, ಭಾರದ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು ನಿಲ್ಲಲಾಗುತ್ತಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಹಾಗಾಗಿ ಕೂತು ನುಡಿಸುವ ಅಕೌಸ್ಟಿಕ್ ಗಿಟಾರ್, ಹಾರ್ಮೋನಿಕಾ. ಸದ್ದು ತಗ್ಗಿದಾಗ ಸುತ್ತಲೂ ಜಾಗ ಉಂಟಾಗುತ್ತದೆ. ಆ ಜಾಗಕ್ಕೆ ಒಂದು ಬಾಸ್, ಒಂದು ಡ್ರಮ್, ಒಂದು ಸ್ಟೀಲ್ ಬೇಕಾಯಿತು.

ಪರಸ್ಪರ ಪರಿಚಯವೇ ಇಲ್ಲದೆ ಐದು ಹಾಡು ರೆಕಾರ್ಡ್ ಮಾಡಿದರು ಅನ್ನುವ ಕಥೆ ನಿಜವೇ?

ನಿಜ. ಕೀತ್ ಅವರೇ ಅದನ್ನು ಹಲವು ಸಲ ಹೇಳಿದ್ದಾರೆ. ನನಗೆ ಅವರ ನೆನಪುಗಳಲ್ಲೆಲ್ಲ ಇದೇ ಇಷ್ಟ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಾಸ್ ನುಡಿಸಲು ಬಂದಿದ್ದ ಟಿಮ್ ಡ್ರಮಂಡ್ ಅವರು ಕೀತ್ ಅವರಿಗೆ ಫೋನ್ ಮಾಡಿ ಕರೆದರು. ಸ್ಟುಡಿಯೋ ಎಂದರೆ ನಾವು ಅಂದುಕೊಳ್ಳುವ ಕಟ್ಟಡವಲ್ಲ, ವಿಕ್ಟೋರಿಯಾ ಕಾಲದ ಎರಡಂತಸ್ತಿನ ಹಳೆಯ ಮನೆ. ಜಗಲಿಯನ್ನು ಮುಚ್ಚಿ ಕಂಟ್ರೋಲ್ ರೂಮ್ ಮಾಡಿದ್ದರು; ನಡುಮನೆ, ಊಟದ ಮನೆಗಳೇ ನುಡಿಸುವ ಕೋಣೆಗಳು. ಕೀತ್ ಬಂದಾಗ ಒಳಗೆ ರೆಕಾರ್ಡಿಂಗ್ ಶುರುವಾಗಿಬಿಟ್ಟಿತ್ತು. ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಸದ್ದು ಮಾಡದೆ ಒಳಬಂದು, ವಾದ್ಯದ ಕಾಲುಗಳನ್ನು ತಿರುಗಿಸಿ ನಿಲ್ಲಿಸಿ, ತಂತಿಗಳನ್ನು ಶ್ರುತಿ ಮಾಡಿಕೊಂಡು, ಕೂತು, ನುಡಿಸತೊಡಗಿದರು. ಒಂದಾದ ಮೇಲೊಂದು ಐದು ಹಾಡು. ಅವು 'ಹಾರ್ವೆಸ್ಟ್' ಆಲ್ಬಮ್‌ನ ಹಾಡುಗಳು. ಎಲ್ಲ ಮುಗಿದ ಮೇಲೇ ನಮಸ್ಕಾರ, ಕುಶಲ. ಹಾಡುತ್ತಿರುವಾತ ಯಾರೆಂಬುದೂ ತನಗೆ ಆಗ ತಿಳಿದಿರಲಿಲ್ಲ ಎಂದು ಕೀತ್ ನೆನೆದಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೊನೆಯ ಮಾತು. ಯಂಗ್ ಅಷ್ಟರಲ್ಲಿ ದೊಡ್ಡ ಹೆಸರು ಮಾಡಿದ್ದರು. ಕೀತ್ ಅವರಿಗೆ ಆ ಹೆಸರಿನ ಭಾರ ಇರಲಿಲ್ಲ. ಕೋಣೆಯಲ್ಲಿ ಒಬ್ಬ ತೆಳ್ಳನೆಯ ದನಿಯಾತ ಹಾಡುತ್ತಿದ್ದಾನೆ, ಸಾಲಿನ ಕೊನೆಯಲ್ಲಿ ಉಸಿರು ತೆಗೆಯುತ್ತಾನೆ, ಆ ಉಸಿರಿನ ಜಾಗ ಖಾಲಿ ಇದೆ. ಇಷ್ಟನ್ನೇ ಕಿವಿಗೊಟ್ಟು ನುಡಿಸಿದರು. ದೊಡ್ಡವರ ಪಕ್ಕದಲ್ಲಿ ಕೂತಿದ್ದೇನೆ ಎಂಬ ಅರಿವು ಇದ್ದಿದ್ದರೆ ಕೈ ಒಂದೋ ನಡುಗುತ್ತಿತ್ತು, ಇಲ್ಲವೇ ಮೆರೆಯುತ್ತಿತ್ತು.

ತಾಲೀಮಿಲ್ಲದೆ, ಸ್ವರಲಿಪಿ ಇಲ್ಲದೆ ಒಂದೇ ಏಟಿಗೆ ನುಡಿಸಲು ಹೇಗೆ ಸಾಧ್ಯ?

ಅದು ಆ ಊರಿನ ಕಸುಬು. ನ್ಯಾಶ್‌ವಿಲ್‌ನಲ್ಲಿ ರೆಕಾರ್ಡಿಂಗ್ ಕೆಲಸ ಮೂರು ಮೂರು ಗಂಟೆಗಳ ಪಾಳಿಯಲ್ಲಿ ನಡೆಯುತ್ತಿತ್ತು, ಸಂಗೀತಗಾರರ ಸಂಘ ಗೊತ್ತುಮಾಡಿದ ಸಂಬಳ. ಒಂದು ಪಾಳಿಯಲ್ಲಿ ಮೂರು ನಾಲ್ಕು ಹಾಡು ಮುಗಿಸುವವರಿಗೇ ಮತ್ತೆ ಕರೆ. ಜೊತೆಗೆ ಅವರಿಗೊಂದು ಅಂಕಿಯ ಪದ್ಧತಿ ಇತ್ತು. ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಿಗೆ (ಕಾರ್ಡ್) ಅಕ್ಷರದ ಹೆಸರು ಬರೆಯುವ ಬದಲು 1, 4, 5 ಎಂದು ಚೀಟಿಯಲ್ಲಿ ಗೀಚಿಕೊಳ್ಳುವುದು. ಜಾರ್ಡನೇರ್ಸ್ ಎಂಬ ಗಾಯಕರ ತಂಡದ ನೀಲ್ ಮ್ಯಾಥ್ಯೂಸ್ 1950ರ ದಶಕದ ಕೊನೆಯಲ್ಲಿ ಶುರುಮಾಡಿದ್ದು. ಹಾಡುವವರು ಶ್ರುತಿ ಏರಿಸಲಿ ಇಳಿಸಲಿ, ಚೀಟಿ ಬದಲಾಗುವುದಿಲ್ಲ. ನಮ್ಮ ಸರಿಗಮದ ತರ್ಕವೂ ಇದೇ: ಶ್ರುತಿ ಒಂದು ಕಟ್ಟೆಯಾಗಲಿ ಐದು ಕಟ್ಟೆಯಾಗಲಿ, ಸ ಅಂದರೆ ಸ.

ಎಷ್ಟು ಸಲ ಕೇಳಿದರೂ ಆ ಹಾಡುಗಳಲ್ಲಿ ಸ್ಟೀಲ್ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಎಲ್ಲಿ ಕಿವಿ ಇಡಬೇಕು?

'ಹಾರ್ವೆಸ್ಟ್' ಆಲ್ಬಮ್‌ನ ಮೊದಲ ಹಾಡು 'ಔಟ್ ಆನ್ ದ ವೀಕೆಂಡ್' ಹಾಕಿಕೊಳ್ಳಿ. ಮೊದಲ ಸಲ ಬಾಸ್ ಮತ್ತು ಡ್ರಮ್ ಬಿಟ್ಟು ಏನನ್ನೂ ಗಮನಿಸಬೇಡಿ. ಸೋಮಾರಿಯ ನಡಿಗೆಯ ಹಾಗೆ ಕಾಲೆಳೆಯುವ ಒಂದು ಲಯ. ಎರಡನೆಯ ಸಲ ಯಂಗ್ ಅವರ ಹಾರ್ಮೋನಿಕಾ. ಮೂರನೆಯ ಸಲ, ಅವರು ಸಾಲು ಮುಗಿಸಿದ ತಕ್ಷಣ ಹಿಂದಿನಿಂದ ಏನು ಬರುತ್ತದೆ ನೋಡಿ. ಸ್ವರ ಎಲ್ಲಿ ಹುಟ್ಟಿತು ಎಂದು ಹೇಳಲಾಗುವುದಿಲ್ಲ. ಅದಕ್ಕೆ ಕಾರಣ ಕೀತ್ ಅವರ ಬಲಗಾಲು. ಧ್ವನಿಯ ಪೆಡಲನ್ನು ಮುಚ್ಚಿಟ್ಟು ತಂತಿ ಮೀಟುತ್ತಾರೆ, ಮೀಟಿದ ಟಣ್ ಎಂಬ ಏಟು ಯಾರಿಗೂ ಕೇಳುವುದಿಲ್ಲ. ಆಮೇಲೆ ಪಾದವನ್ನು ಮೆಲ್ಲಗೆ ಮುಂದೊತ್ತುತ್ತಾರೆ. ತಂತಿಯ ಮೊಳಗು ಸಾಯುತ್ತಾ ಹೋದಷ್ಟೂ ಪಾದ ಅದನ್ನು ಎತ್ತಿ ಹಿಡಿಯುತ್ತದೆ. ಮೀಟುವ ವಾದ್ಯ ಹೀಗೆ ಕಮಾನಿನ ವಾದ್ಯದ ಹಾಗೆ, ಇಲ್ಲವೇ ಗಂಟಲಿನ ಹಾಗೆ ಕೇಳಿಸುತ್ತದೆ.

ಒಂದು ಸಲ ಸಿಕ್ಕಿತೆಂದರೆ ಮುಂದೆ ನೀವು ಬೇಡವೆಂದರೂ ಕೇಳಿಸುತ್ತದೆ. ಆಮೇಲೆ 'ಹಾರ್ಟ್ ಆಫ್ ಗೋಲ್ಡ್'. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಯಂಗ್ ಅವರಿಗೆ ಮೊದಲ ಸ್ಥಾನ ತಂದುಕೊಟ್ಟ ಒಂದೇ ಒಂದು ಹಾಡು ಅದು, 1972ರ ಮಾರ್ಚ್‌ನಲ್ಲಿ. ಕೋಟ್ಯಂತರ ಜನ ಕೇಳಿದ್ದಾರೆ. ಅದರಲ್ಲಿ ಸ್ಟೀಲ್ ಇದೆ ಎಂದರೆ ಅರ್ಧದಷ್ಟು ಮಂದಿ ಹುಬ್ಬೇರಿಸುತ್ತಾರೆ.

ಯಂಗ್ ಅವರು ಹಿಂದೆ ಕೂತು ನುಡಿಸುವವರಿಗೆ ಸ್ವಾತಂತ್ರ್ಯ ಕೊಡುತ್ತಿದ್ದರೇ, ಅಥವಾ ಹೇಳಿದಷ್ಟೇ ನುಡಿಸಬೇಕಿತ್ತೇ?

ಡ್ರಮ್ ನುಡಿಸಿದ ಕೆನ್ನಿ ಬಟ್ರಿ ಅವರ ನೆನಪು ಕೇಳಿದರೆ ಕಟ್ಟುನಿಟ್ಟು ಎನಿಸುತ್ತದೆ. ಬಲಗೈ ಬೇಡ, ಅಂದರೆ ಸಿಂಬಲ್ ತಾಳ ಬೇಡ ಎಂದು ಯಂಗ್ ಹೇಳಿದರಂತೆ. ಬಾಬ್ ಡಿಲನ್ ಅವರಂಥವರಿಗೆ ನುಡಿಸಿ ಬಂದಿದ್ದ ಕೈ ಅದು; ಅದನ್ನು ಕಟ್ಟಿಹಾಕಿದಾಗ ಬಟ್ರಿ ಕಷ್ಟಪಟ್ಟರು. ಆದರೆ ಹಾಡು ಕೇಳಿ. ಸಿಂಬಲ್‌ನ ಜಣಜಣ ಇರಬೇಕಾದ ಎತ್ತರದಲ್ಲಿ ಏನೂ ಇಲ್ಲ, ಆ ಬರಿದಾದ ಎತ್ತರದಲ್ಲೇ ಕೀತ್ ಅವರ ಸ್ಟೀಲ್ ಸುಳಿದಾಡುತ್ತದೆ. ಒಬ್ಬರ ಕೈ ಕಟ್ಟಿದ್ದು ಇನ್ನೊಬ್ಬರಿಗೆ ಬಯಲಾಯಿತು. ಕಡಿಮೆ ನುಡಿಸುವುದು ಶಿಕ್ಷೆ ಎಂದುಕೊಂಡಿರುವ ಎಳೆಯ ವಾದಕರಿಗೆ ನಾನು ತೋರಿಸುವ ಉದಾಹರಣೆ ಇದೇ.

## ಆಮೇಲಿನ ವರ್ಷಗಳು

ಒಂದು ಆಲ್ಬಮ್‌ಗೆ ಕರೆದವರು 40 ವರ್ಷ ಉಳಿದದ್ದು ಹೇಗೆ?

1971ರ ಆ ತಂಡಕ್ಕೆ ಪಿಯಾನೋದ ಜ್ಯಾಕ್ ನಿಚ್ಚಿ ಸೇರಿ, 'ಸ್ಟ್ರೇ ಗೇಟರ್ಸ್' ಎಂದು ಹೆಸರಾಯಿತು. 1973ರ ಆರಂಭದಲ್ಲಿ ಅವರೆಲ್ಲ ಯಂಗ್ ಜೊತೆ ದೊಡ್ಡ ಪ್ರವಾಸ ಹೊರಟರು. ನೆಮ್ಮದಿಯ ಪ್ರವಾಸವಲ್ಲ, ಬಟ್ರಿ ಮಧ್ಯದಲ್ಲೇ ಬಿಟ್ಟರು. ಕೀತ್ ಬಿಡಲಿಲ್ಲ.

ಉತ್ತರ ಇರುವುದು ಅದೇ ವರ್ಷದ ಆಗಸ್ಟ್‌ನಲ್ಲಿ ಎಂದು ನನ್ನ ನಂಬಿಕೆ. ಯಂಗ್ ಅವರ ಜೊತೆಯ ಗಿಟಾರ್ ವಾದಕ ಡ್ಯಾನಿ ವಿಟನ್ 1972ರ ನವೆಂಬರ್‌ನಲ್ಲಿ ಮಾದಕವಸ್ತುವಿಗೆ ಬಲಿಯಾಗಿದ್ದರು. ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬ್ರೂಸ್ ಬೆರಿ 1973ರ ಜೂನ್‌ನಲ್ಲಿ ಹಾಗೆಯೇ ಹೋದರು. ಉಳಿದವರು ಲಾಸ್ ಏಂಜಲೀಸ್‌ನ ಒಂದು ತಾಲೀಮು ಕೊಠಡಿಯಲ್ಲಿ ರಾತ್ರಿ ರಾತ್ರಿ ಸೇರಿ 'ಟುನೈಟ್ಸ್ ದ ನೈಟ್' ಹಾಡುಗಳನ್ನು ನುಡಿಸಿದರು. ತಪ್ಪು ಸ್ವರ, ಒಡೆದ ದನಿ, ಮೈಕಿನಿಂದ ದೂರ ಸರಿದ ಬಾಯಿ, ಎಲ್ಲವೂ ಹಾಗೇ ಉಳಿದಿವೆ. ನ್ಯಾಶ್‌ವಿಲ್‌ನಲ್ಲಿ ಒಂದು ಸ್ವರವೂ ಜಾರದಂತೆ ಕಲಿತು ಬಂದ ಕೀತ್ ಆ ಕೋಣೆಯಲ್ಲಿ ತಮ್ಮ ಚೊಕ್ಕತನವನ್ನು ಬದಿಗಿಟ್ಟು ನುಡಿಸಿದ್ದಾರೆ, ದನಿಯನ್ನೂ ಕೂಡಿಸಿದ್ದಾರೆ. ಅಲ್ಲಿ ಸ್ಟೀಲ್ ಮಧುರವಾಗಿಲ್ಲ, ಗೋಳಾಡುತ್ತದೆ. ಸಾವಿನ ಮನೆಯಲ್ಲಿ ಕೂತವರ ಜೊತೆ ಕೂರುವುದು ಎಂದರೆ ಇದು. ಅಂಥ ರಾತ್ರಿಗಳನ್ನು ಜೊತೆಗೆ ಕಳೆದವರ ನಡುವೆ ಸಂಬಳದ ಲೆಕ್ಕ ಹಿಂದೆ ಸರಿಯುತ್ತದೆ. ಆಲ್ಬಮ್ ಹೊರಬಂದದ್ದು 1975ರಲ್ಲಿ.

ಮುಂದೆ 1978ರ 'ಕಮ್ಸ್ ಎ ಟೈಮ್', 1985ರ 'ಓಲ್ಡ್ ವೇಸ್', 1992ರ 'ಹಾರ್ವೆಸ್ಟ್ ಮೂನ್', 2005ರ 'ಪ್ರೇರಿ ವಿಂಡ್'. ಕೊನೆಯ ಎರಡರಲ್ಲಿ ಕೀತ್ ಯಂಗ್ ಜೊತೆ ನಿರ್ಮಾಪಕರೂ ಹೌದು.

ಸ್ಟೀಲ್ ಬಿಟ್ಟು ಬೇರೇನಾದರೂ ಮಾಡಿದರೇ?

ಬೇಕಾದಷ್ಟು. 1974ರ 'ಆನ್ ದ ಬೀಚ್' ಆಲ್ಬಮ್‌ನಲ್ಲಿ ಡೋಬ್ರೋ (ಲೋಹದ ತಟ್ಟೆಯಿಂದ ಮೊಳಗುವ ಗಿಟಾರ್), ಬಾಸ್, ಕೀಬೋರ್ಡ್ ಯಾವುದು ಕೈಗೆ ಬಂತೋ ಅದನ್ನು ನುಡಿಸಿದರು. ಗಾಯಕಿ ಜುವೆಲ್ ಅವರ ಮೊದಲ ಆಲ್ಬಮ್ 'ಪೀಸಸ್ ಆಫ್ ಯೂ' (1995) ನಿರ್ಮಿಸಿದವರು ಇವರೇ. ಅದು ಅಮೆರಿಕದಲ್ಲೇ ಒಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಯಂಗ್ ಅವರ 2003ರ 'ಗ್ರೀನ್‌ಡೇಲ್' ಚಿತ್ರದಲ್ಲಿ ಅಜ್ಜನ ಪಾತ್ರ ಮಾಡಿದರು.

ಬೇರೆ ಸ್ಟೀಲ್ ವಾದಕರೂ ರಾಕ್ ಸಂಗೀತಗಾರರಿಗೆ ನುಡಿಸಿದ್ದಾರಲ್ಲ, ಅವರ ನೆನಪುಗಳೂ ಹೀಗೇ ಇವೆಯೇ?

ಒಬ್ಬೊಬ್ಬರದು ಒಂದೊಂದು ಬಗೆ. ಪೀಟ್ ಡ್ರೇಕ್ ಅವರ ನೆನಪು ಕೇಳಿ. 1970ರಲ್ಲಿ ಅವರ ನ್ಯಾಶ್‌ವಿಲ್ ಕಚೇರಿಗೆ ಫೋನ್ ಬಂತು. ಜಾರ್ಜ್ ಹ್ಯಾರಿಸನ್ ಎಂಬವರು ಕೇಳುತ್ತಿದ್ದಾರೆ ಎಂದರು ಕಾರ್ಯದರ್ಶಿ. ಎಲ್ಲಿಯವರು ಎಂದು ಡ್ರೇಕ್ ಕೇಳಿದರು. ಲಂಡನ್. ಯಾವ ಕಂಪನಿಯವರು? ಬೀಟಲ್ಸ್! ಡ್ರೇಕ್ ಲಂಡನ್ನಿಗೆ ಹೋಗಿ ಹ್ಯಾರಿಸನ್ ಅವರ 'ಆಲ್ ಥಿಂಗ್ಸ್ ಮಸ್ಟ್ ಪಾಸ್' ಹಾಡುಗಳಿಗೆ ನುಡಿಸಿದರು. ಅಲ್ಲೇ ರಿಂಗೊ ಸ್ಟಾರ್ ಅವರಿಗೆ ಕಂಟ್ರಿ ಹಾಡುಗಳ ಮೇಲಿನ ಪ್ರೀತಿ ಕಂಡು ನ್ಯಾಶ್‌ವಿಲ್‌ಗೆ ಕರೆಸಿಕೊಂಡು, ಅದೇ ವರ್ಷದ ಜೂನ್‌ನಲ್ಲಿ ಅವರಿಗಾಗಿ ಒಂದು ಇಡೀ ಆಲ್ಬಮ್ ಮಾಡಿಸಿದರು. ಡ್ರೇಕ್ ಅವರ ಇನ್ನೊಂದು ವಿದ್ಯೆ, ಕೊಳವೆಯೊಂದನ್ನು ಬಾಯಲ್ಲಿಟ್ಟುಕೊಂಡು ಸ್ಟೀಲ್ ದನಿಗೆ ಮಾತಿನ ಆಕಾರ ಕೊಡುವುದು. ಆ ಸ್ಟುಡಿಯೋದಲ್ಲಿದ್ದ ಹುಡುಗ ಪೀಟರ್ ಫ್ರಾಂಪ್ಟನ್ ಅದನ್ನು ಕಣ್ಣರಳಿಸಿ ನೋಡಿ, ಮುಂದೆ ತನ್ನ ಗಿಟಾರಿಗೆ ಅಳವಡಿಸಿಕೊಂಡು ಪ್ರಸಿದ್ಧನಾದ.

ಲಾಯ್ಡ್ ಗ್ರೀನ್ ಅವರದು ಕೀತ್ ಅವರ ಅನುಭವಕ್ಕೆ ಪೂರ್ತಿ ಎದುರು. 1968ರ ಮಾರ್ಚ್‌ನಲ್ಲಿ ಬರ್ಡ್ಸ್ ಎಂಬ ರಾಕ್ ತಂಡ ನ್ಯಾಶ್‌ವಿಲ್‌ಗೆ ಬಂದಾಗ, "ಯಾವ ಜಾಗದಲ್ಲಿ ನುಡಿಸಲಿ?" ಎಂದು ವಾಡಿಕೆಯಂತೆ ಕೇಳಿದರು. ಎಲ್ಲ ಜಾಗದಲ್ಲೂ ಎಂದು ಉತ್ತರ ಬಂತು. ಗ್ರೀನ್ ಅವರಿಗೆ ಹಬ್ಬವೋ ಹಬ್ಬ. ಅದೇ ತಂಡದೊಂದಿಗೆ ರೈಮನ್ ವೇದಿಕೆ ಏರಿದಾಗ ಮಾತ್ರ ಕಂಟ್ರಿ ಪ್ರೇಕ್ಷಕರು ಉದ್ದಕೂದಲಿನ ಹುಡುಗರನ್ನು ತಣ್ಣಗೆ ಬರಮಾಡಿಕೊಂಡರು.

ಟಾಮ್ ಬ್ರಮ್ಲಿ ಅವರನ್ನು ಬಿಡಲಾರೆ. ಬಕ್ ಓವೆನ್ಸ್ ಅವರ 1964ರ 'ಟುಗೆದರ್ ಅಗೇನ್' ಹಾಡಿನ ನಡುವಿನ ಸ್ಟೀಲ್ ತುಣುಕು ಅವರದು, ಇಂದಿಗೂ ಕಲಿಯುವವರೆಲ್ಲ ಅದನ್ನು ಪಾಠದ ಹಾಗೆ ಒಪ್ಪಿಸುತ್ತಾರೆ. ಆಮೇಲೆ ಅವರು ರಿಕ್ ನೆಲ್ಸನ್ ಅವರ ಸ್ಟೋನ್ ಕ್ಯಾನ್ಯನ್ ತಂಡ ಸೇರಿ ಸುಮಾರು ಹತ್ತು ವರ್ಷ ನುಡಿಸಿದರು.

## ನುಡಿಸುವವರಿಗೆ, ಆಳವಾಗಿ ಕೇಳುವವರಿಗೆ

ಆ "ಅಳು" ಎಲ್ಲಿಂದ ಬರುತ್ತದೆ? ನನಗೆ ಕರ್ನಾಟಕ ಸಂಗೀತ ಮಾತ್ರ ಗೊತ್ತು, ಸರಿಗಮದಲ್ಲಿ ಹೇಳಿ.

ಸಂತೋಷವಾಗಿ. ನ್ಯಾಶ್‌ವಿಲ್‌ನವರ ಶ್ರುತಿಗೆ ಇ-ನೈನ್ತ್ ಎಂದು ಹೆಸರು. ಅದರ ಮೂರು, ನಾಲ್ಕು, ಐದನೆಯ ತಂತಿಗಳನ್ನು ನೋಡಿ. ನಾಲ್ಕನೆಯದನ್ನು ಷಡ್ಜ ಎಂದುಕೊಂಡರೆ ಮೂರನೆಯದು ಅಂತರ ಗಾಂಧಾರ, ಐದನೆಯದು ಕೆಳಗಿನ ಪಂಚಮ. ಮೂರನ್ನೂ ಒಟ್ಟಿಗೆ ಮೀಟಿ. ಈಗ ಮೊದಲ ಎರಡು ಪೆಡಲ್‌ಗಳನ್ನು ಎಡಗಾಲಿನಿಂದ ಒಟ್ಟಿಗೆ ತುಳಿಯಿರಿ. ಗಾಂಧಾರ ಶುದ್ಧ ಮಧ್ಯಮಕ್ಕೆ ಏರುತ್ತದೆ, ಪಂಚಮ ಚತುಶ್ರುತಿ ಧೈವತಕ್ಕೆ ಏರುತ್ತದೆ, ಷಡ್ಜ ಮಾತ್ರ ಕದಲುವುದಿಲ್ಲ.

ಅಳು ಹುಟ್ಟುವುದು ಇಲ್ಲಿ. ವೀಣೆಯಲ್ಲಿ ತಂತಿ ಎಳೆದಾಗ, ಹವಾಯಿಯನ್ ಗಿಟಾರಿನಲ್ಲಿ ಸರಳು ಜಾರಿಸಿದಾಗ, ಮೀಟಿದ ಸ್ವರವೆಲ್ಲ ಒಟ್ಟಿಗೆ ಚಲಿಸುತ್ತದೆ. ಪೆಡಲ್ ಸ್ಟೀಲ್‌ನಲ್ಲಿ ಒಂದು ಸ್ವರ ನೆಲ ಕಚ್ಚಿ ನಿಂತಿರುತ್ತದೆ, ಪಕ್ಕದವು ಅದನ್ನು ಉಜ್ಜಿಕೊಂಡು ಏರುತ್ತವೆ. ನಿಂತದ್ದಕ್ಕೂ ಏರುವುದಕ್ಕೂ ನಡುವಿನ ಎಳೆದಾಟವೇ ನಮಗೆ ಅಳುವಿನ ಹಾಗೆ ಕೇಳುವುದು. ಪೆಡಲನ್ನು ಎಷ್ಟು ನಿಧಾನ ತುಳಿಯುತ್ತೀರಿ, ಯಾವ ಮಾತ್ರೆಗೆ ಮುಟ್ಟಿಸುತ್ತೀರಿ ಎಂಬುದರಲ್ಲಿ ವಾದಕನ ಸಹಿ ಇದೆ. ಕೀತ್ ಅವರ ಪಾದ ಅವಸರಪಡುವುದಿಲ್ಲ. ತಾಳ ಬಿದ್ದ ಮೇಲೂ ಕೂದಲೆಳೆಯಷ್ಟು ಕಾದು ಸ್ವರ ತಲುಪುತ್ತದೆ.

ಇನ್ನೊಂದು ವಿಷಯ ನಿಮಗೆ ಹಿಡಿಸಬಹುದು. ಸರಳು ಯಾವ ಬಿಂದುವಿನಲ್ಲಾದರೂ ನಿಲ್ಲಬಲ್ಲದು, ಆದ್ದರಿಂದ ಈ ವಾದಕರು ಪಿಯಾನೋದ ಸಮಭಾಗದ ಸ್ವರಗಳಿಗೆ ಕಟ್ಟುಬಿದ್ದಿಲ್ಲ. ಅನೇಕರು ಗಾಂಧಾರದ ತಂತಿಯನ್ನು ಬೇಕೆಂದೇ ತುಸು ಇಳಿಸಿ, ಸ್ವರಗಳ ನಡುವಿನ ಕಂಪನ ಅಡಗುವವರೆಗೆ ಕಿವಿಯಿಂದ ಕೂಡಿಸುತ್ತಾರೆ. ನಮ್ಮ ತಂಬೂರಿ ಕೂಡಿಸುವವರು ಮಾಡುವುದೂ ಅದೇ ಕೆಲಸ.

ನಾನು ಗೋಟುವಾದ್ಯ ಕಲಿಯುತ್ತಿದ್ದೇನೆ. ಸ್ಟೀಲ್ ಕಲಿಯಲು ಅದರಿಂದ ಸಹಾಯವಾಗುತ್ತದೆಯೇ?

ಎಡಗೈಗೆ ಬಹಳ ಸಹಾಯ. ಗೋಟುವಾದ್ಯದ ಮರದ ತುಂಡು ಜಾರಿಸಿ ಪಳಗಿದ ಕೈಗೆ ಸ್ವರಸ್ಥಾನ ಕಣ್ಣಿನಿಂದಲ್ಲ, ಕಿವಿಯಿಂದ ಗೊತ್ತಿರುತ್ತದೆ. ಅದು ಬಾರದವರೇ ಸ್ಟೀಲ್ ಮುಂದೆ ಸೋಲುವುದು. ಹೊಸದಾಗಿ ಕಲಿಯಬೇಕಾದ್ದು ಬಲಗೈಯ ತಡೆ. ಮೀಟಿದ ತಂತಿ ಮುಂದಿನ ಸ್ವರದ ಮೇಲೆ ಮೊಳಗದ ಹಾಗೆ ಅಂಗೈಯ ಅಂಚಿನಿಂದ ಮುಚ್ಚುವುದು. ಇದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ.

ಪೆಡಲ್ ಸ್ಟೀಲ್ ದುಬಾರಿ, ಇಲ್ಲಿ ಸಿಗುವುದೂ ಅಪರೂಪ. ಮನೆಯಲ್ಲಿರುವ ಸಾಧಾರಣ ಗಿಟಾರಿನ ತಂತಿಗಳನ್ನು ತಲೆಯ ಕಡೆ ಸ್ವಲ್ಪ ಎತ್ತರಿಸಿ ತೊಡೆಯ ಮೇಲೆ ಮಲಗಿಸಿಕೊಳ್ಳಿ. ನಾನು ಶುರುಮಾಡಿದ್ದು ಹಾಗೆ.

ಒಂದು ಎಚ್ಚರಿಕೆ ನನ್ನ ಬದುಕಿನಿಂದ. ಹಲವು ವರ್ಷಗಳ ಹಿಂದೆ ಒಂದು ಮದುವೆ ಮನೆಯಲ್ಲಿ ಬಂಧುವೊಬ್ಬಳು ಭಾವಗೀತೆ ಹಾಡಿದಾಗ ನಾನು ಹಿಂದೆ ಕೂತು ಜಾರು ಗಿಟಾರ್ ನುಡಿಸಿದೆ. ಕಲಿತದ್ದನ್ನೆಲ್ಲ ಅಲ್ಲೇ ಸುರಿದೆ, ಒಂದು ಸಂದೂ ಬಿಡಲಿಲ್ಲ. ಹಾಡು ಮುಗಿದ ಮೇಲೆ ಅವಳ ತಾಯಿ ಹತ್ತಿರ ಬಂದು, "ಚೆನ್ನಾಗಿ ನುಡಿಸಿದೆಯಪ್ಪ, ಆದರೆ ಅವಳಿಗೆ ಉಸಿರು ತೆಗೆಯಲೂ ನೀನು ಜಾಗ ಬಿಡಲಿಲ್ಲ" ಎಂದರು. ಆ ರಾತ್ರಿ ಮನೆಗೆ ಬಂದು 'ಹಾರ್ವೆಸ್ಟ್' ಹಾಕಿ ಕೇಳಿದೆ. ಕೀತ್ ನುಡಿಸದೆ ಸುಮ್ಮನಿರುವ ಜಾಗಗಳನ್ನು ಮೊದಲ ಸಲ ಎಣಿಸಿದ್ದು ಅಂದು.

ಪಕ್ಕದಲ್ಲಿ ಕೂತು ನುಡಿಸುವುದು ಎರಡನೆಯ ದರ್ಜೆಯ ಕೆಲಸವಲ್ಲವೇ? ಅಷ್ಟು ಪ್ರತಿಭೆ ಇದ್ದವರು ಮುಂದೆ ಬರಬೇಕಿತ್ತು.

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಮೈಸೂರಿನ ಸೀಮೆಯವರಾದ ನಾವು ಇದನ್ನು ಕೇಳಲೇಬಾರದು. ಪಿಟೀಲು ಚೌಡಯ್ಯನವರು ಹಾಡುವವರ ಪಕ್ಕದಲ್ಲಿ ಕೂತು ನುಡಿಸುತ್ತಾ, ದೊಡ್ಡ ಸಭೆಯ ಕೊನೆಯ ಸಾಲಿಗೂ ವಾದ್ಯ ಕೇಳಲೆಂದು ಏಳು ತಂತಿಯ ಪಿಟೀಲನ್ನೇ ರೂಪಿಸಿದವರು. ಪಕ್ಕವಾದ್ಯ ಎಂಬ ಮಾತಿನಲ್ಲಿ ಪಕ್ಕ ಇದೆ, ಕೆಳಗೆ ಇಲ್ಲ. ಹಾಡುವವರ ಮನಸ್ಸು ಯಾವ ಕಡೆ ತಿರುಗುತ್ತದೆ ಎಂದು ಒಂದು ಕ್ಷಣ ಮೊದಲೇ ತಿಳಿಯುವುದು, ತಿಳಿದೂ ಅವರನ್ನು ದಾಟಿ ಹೋಗದಿರುವುದು. ಈ ವಿದ್ಯೆಯನ್ನು ಮುಂದೆ ಕೂರುವವರು ಎಷ್ಟೋ ಮಂದಿ ಕಲಿತೇ ಇರುವುದಿಲ್ಲ. ಕೀತ್ 40 ವರ್ಷ ಅದನ್ನು ಒಬ್ಬ ಹಾಡುಗಾರರಿಗಾಗಿ ಮಾಡಿದರು.

ವಾದಕರು ಹತ್ತಾರು ವರ್ಷಗಳ ನಂತರ ಹೇಳುವ ನೆನಪುಗಳನ್ನು ಎಷ್ಟು ನಂಬಬಹುದು?

ತಾರೀಖಿಗೆ ಟೇಪಿನ ಡಬ್ಬಿಯ ಮೇಲಿನ ಚೀಟಿಯನ್ನು ನಂಬಿ, ಯಾರು ಬಂದಿದ್ದರು ಎಂಬುದಕ್ಕೆ ಸಂಬಳದ ಹಾಳೆಯನ್ನು ನಂಬಿ. ಕೋಣೆಯಲ್ಲಿ ಗಾಳಿ ಹೇಗಿತ್ತು ಎಂಬುದಕ್ಕೆ ವಾದಕನನ್ನು ನಂಬಿ. ಐದು ಹಾಡುಗಳೋ ನಾಲ್ಕೋ ಎಂದು ಯಾರಾದರೂ ವಾದಕ್ಕೆ ಬಂದರೆ ನಾನು ಜಗಳ ಕಾಯುವುದಿಲ್ಲ. ಮಾತಾಡದೆ ಒಳಬಂದು ಕೂತು ನುಡಿಸಿದರು ಎಂಬುದಕ್ಕೆ ರೆಕಾರ್ಡೇ ಸಾಕ್ಷಿ.

ಕೀತ್ ನುಡಿಸುವುದನ್ನು ಕಣ್ಣಾರೆ ನೋಡಬೇಕು. ಏನು ನೋಡಲಿ?

ಜೊನಾಥನ್ ಡೆಮಿ ನಿರ್ದೇಶಿಸಿದ, 2006ರಲ್ಲಿ ಬಂದ 'ಹಾರ್ಟ್ ಆಫ್ ಗೋಲ್ಡ್' ಎಂಬ ಸಂಗೀತ ಚಿತ್ರ ನೋಡಿ. ಚಿತ್ರೀಕರಣ ನಡೆದದ್ದು 2005ರ ಆಗಸ್ಟ್‌ನಲ್ಲಿ. ಯಂಗ್ ಅವರಿಗೆ ಮಿದುಳಿನ ರಕ್ತನಾಳದ ಚಿಕಿತ್ಸೆಯಾಗಿ ಕೆಲವೇ ತಿಂಗಳಾಗಿತ್ತು. ಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ನ್ಯಾಶ್‌ವಿಲ್‌ನಲ್ಲಿ ಮಾಡಿದ ಹಾಡುಗಳನ್ನು ಇಲ್ಲಿ ಸಭೆಯ ಮುಂದೆ ಹಾಡುತ್ತಾರೆ. ಆ ಸಭಾಂಗಣ ರೈಮನ್. 1971ರಲ್ಲಿ ಅವರನ್ನು ಆ ಊರಿಗೆ ಕರೆತಂದ ಟಿವಿ ಕಾರ್ಯಕ್ರಮ ನಡೆದ ಅದೇ ಕಟ್ಟಡ. ಗಾಯಕಿ ಎಮ್ಮಿಲೂ ಹ್ಯಾರಿಸ್ ಇದ್ದಾರೆ, ತಂತಿವಾದ್ಯಗಳ ದೊಡ್ಡ ತಂಡ ಇದೆ, ಕಣ್ಣು ಅತ್ತಿತ್ತ ಓಡುತ್ತದೆ. ಕೀತ್ ನೆರೆತ ಕೂದಲಿನವರು, ಸ್ಟೀಲ್ ಹಿಂದೆ ಕೂತಿದ್ದಾರೆ. ಹಳೆಯ ಹಾಡುಗಳ ಭಾಗಕ್ಕೆ ಬಂದಾಗ ಅವರ ಎಡಗೈಯನ್ನೇ ನೋಡಿ. ಸರಳು ತಂತಿಗಳ ಮೇಲೆ ಬಂದು ನಿಲ್ಲುತ್ತದೆ, ಸ್ವಲ್ಪವೇ ಉರುಳುತ್ತದೆ, ಮುಂದಿನ ಸಾಲು ಶುರುವಾಗುವ ಹೊತ್ತಿಗೆ ತಂತಿಯಿಂದ ಎದ್ದು ಕಾಯುತ್ತಿರುತ್ತದೆ.